ನಡಿಗೆಯ ಮರುಕಲಿಕೆ

ನರಮಂಡಲಕ್ಕೆ ಪೆಟ್ಟು ಬಿದ್ದು ನಡಿಗೆ ಕೆಟ್ಟವರಿಗೆ ಅಭ್ಯಾಸದಿಂದಲೇ ಅದನ್ನು ಮರಳಿ ಕಲಿಸಬಹುದೆಂಬ ವಿಚಾರ ವೈದ್ಯಶಾಸ್ತ್ರದಲ್ಲಿ ಬೇರೂರಿದ್ದು 19ನೇ ಶತಮಾನದ ಕೊನೆಯಲ್ಲಿ. ಸ್ವಿಟ್ಜರ್ಲೆಂಡಿನ ವೈದ್ಯ ಹೈನ್ರಿಖ್ ಫ್ರೆಂಕೆಲ್, ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಇಂಥವರ ಸ್ನಾಯುಗಳಲ್ಲಿ ಬಲವಿರುತ್ತದೆ. ಆದರೆ ಕಾಲು ಎಲ್ಲಿದೆಯೆಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟದೆ ಹೆಜ್ಜೆ ಎಲ್ಲೆಲ್ಲೋ ಬೀಳುತ್ತದೆ. ಮೂಗಿಗೆ ಬೆರಳು ತಾಗಿಸುವ ಪರೀಕ್ಷೆಯಲ್ಲಿ ಸೋತಿದ್ದ ಒಬ್ಬ ರೋಗಿ ಕೆಲವು ತಿಂಗಳ ನಂತರ ಬಂದು ಅದನ್ನು ಚೆನ್ನಾಗಿ ಮಾಡಿ ತೋರಿಸಿದ. ಮುಂದಿನ ಸಲ ಗೆಲ್ಲಲೇಬೇಕೆಂದು ಮನೆಯಲ್ಲಿ ಅಭ್ಯಾಸ ಮಾಡಿದ್ದನಂತೆ. ಆ ಸುಳಿವು ಹಿಡಿದ ಫ್ರೆಂಕೆಲ್, ಕಣ್ಣಿನಿಂದ ಕಾಲನ್ನು ಗಮನಿಸುತ್ತ ಮೊದಲು ಮಲಗಿ, ಆಮೇಲೆ ಕುಳಿತು, ಕೊನೆಗೆ ನೆಲದ ಗುರುತುಗಳ ಮೇಲೆ ಹೆಜ್ಜೆಯಿಟ್ಟು ಮಾಡುವ ವ್ಯಾಯಾಮಗಳನ್ನು ರೂಪಿಸಿದರು. ಫಿಸಿಯೋಥೆರಪಿಯ ಪಠ್ಯಗಳಲ್ಲಿ ಅವು ಇಂದಿಗೂ ಅವರ ಹೆಸರಿನಲ್ಲೇ ಉಳಿದಿವೆ.

ಎರಡನೆಯ ಎಳೆ ಪ್ರಯೋಗಶಾಲೆಯದು. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್, ಬೆನ್ನುಹುರಿ ಕತ್ತರಿಸಿದ ಬೆಕ್ಕಿನ ಹಿಂಗಾಲುಗಳಲ್ಲಿ ನಡಿಗೆಯ ಲಯ ಮೂಡುವುದನ್ನು ತೋರಿಸಿದರು. ಕಾಲಿನಿಂದ ಸಂವೇದನೆ ತರುವ ನರಗಳನ್ನು ಕಡಿದ ಮೇಲೂ ಆ ಲಯ ನಿಲ್ಲಲಿಲ್ಲ. ಹೆಜ್ಜೆಯ ಮೂಲ ತಾಳ ಬೆನ್ನುಹುರಿಯಲ್ಲೇ ಇದೆ ಎಂಬ ಈ ಮಾತನ್ನು ಅಂದು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ಮರುಜೀವ ಬಂದದ್ದು 1960ರ ದಶಕದಲ್ಲಿ, ಸ್ವೀಡನ್ನಿನ ಆಂಡರ್ಸ್ ಲುಂಡ್‌ಬರ್ಗ್ ಮತ್ತು ಸಂಗಡಿಗರಿಂದ.

ಈ ನಡುವೆ ಆಸ್ಪತ್ರೆಗಳು ಬೇರೆ ದಾರಿ ಹಿಡಿದಿದ್ದವು. ಲಂಡನ್ನಿನಲ್ಲಿ ಬೆರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ರೂಢಿಗೆ ತಂದ ಪದ್ಧತಿಯಲ್ಲಿ ಚಿಕಿತ್ಸಕರ ಕೈಯೇ ಮುಖ್ಯ. ಮೊದಲು ಸ್ನಾಯುಗಳ ಬಿಗಿತ ತಗ್ಗಿಸಿ ಚಲನೆಯನ್ನು ತಿದ್ದಬೇಕು, ನಡಿಗೆ ಆಮೇಲೆ. ಇದು ದಶಕಗಳ ಕಾಲ ಲೋಕವನ್ನೆಲ್ಲ ಆಳಿತು. 1982ರಲ್ಲಿ ಸಿಡ್ನಿಯ ಜಾನೆಟ್ ಕಾರ್ ಮತ್ತು ರೊಬರ್ಟಾ ಶೆಪರ್ಡ್ ಇದಕ್ಕೆ ಪ್ರತಿಯಾಗಿ, ಎದ್ದು ನಿಲ್ಲುವುದನ್ನು ಎದ್ದು ನಿಂತೇ, ನಡೆಯುವುದನ್ನು ನಡೆದೇ ಕಲಿಯಬೇಕೆಂದು ವಾದಿಸಿದರು. ಮುಂದೆ ಬಂದ ಪುರಾವೆಗಳೆಲ್ಲ ಬಹುಮಟ್ಟಿಗೆ ಅವರ ಪರವಾಗಿಯೇ ನಿಂತಿವೆ.

ಪ್ರಯೋಗಶಾಲೆ ಮತ್ತು ಆಸ್ಪತ್ರೆ ಮೊದಲ ಬಾರಿಗೆ ಗಟ್ಟಿಯಾಗಿ ಕೈಜೋಡಿಸಿದ್ದು ಟ್ರೆಡ್‌ಮಿಲ್ ಮೇಲೆ. 1987ರಲ್ಲಿ ಮಾಂಟ್ರಿಯಲ್‌ನ ಉಗ್ ಬಾರ್ಬೋ ಮತ್ತು ಸೆರ್ಜ್ ರೊಸಿನ್ಯೋಲ್, ಬೆನ್ನುಹುರಿ ಪೂರ್ತಿ ಕತ್ತರಿಸಿದ ವಯಸ್ಕ ಬೆಕ್ಕುಗಳು ತರಬೇತಿಯಿಂದ ಟ್ರೆಡ್‌ಮಿಲ್ ಮೇಲೆ ಮತ್ತೆ ಹೆಜ್ಜೆ ಹಾಕುವುದನ್ನು ವರದಿ ಮಾಡಿದರು. ಲಾಸ್ ಏಂಜಲೀಸ್‌ನ ರೆಗ್ಗಿ ಎಡ್ಗರ್ಟನ್ ಅವರ ತಂಡ ಇನ್ನೂ ಸೂಕ್ಷ್ಮವಾದುದನ್ನು ಕಂಡಿತು: ನಿಲ್ಲಲು ಮಾತ್ರ ಕಲಿಸಿದ ಬೆಕ್ಕು ಚೆನ್ನಾಗಿ ನಿಲ್ಲುತ್ತದೆ, ನಡೆಯಲಾರದು. ಅಂದರೆ ಬೆನ್ನುಹುರಿ ಏನನ್ನು ಅಭ್ಯಾಸ ಮಾಡುತ್ತದೋ ಅದನ್ನೇ ಕಲಿಯುತ್ತದೆ. 1990ರ ದಶಕದಲ್ಲಿ ಜರ್ಮನಿಯ ಆಂಟನ್ ವೆರ್ನಿಗ್ ಬೆನ್ನುಹುರಿ ಗಾಯಾಳುಗಳಿಗೂ ಸ್ಟೆಫಾನ್ ಹೆಸ್ಸೆ ಪಾರ್ಶ್ವವಾಯು ರೋಗಿಗಳಿಗೂ ಇದೇ ವಿಧಾನ ಬಳಸಿದರು. ರೋಗಿಯ ಸೊಂಟಕ್ಕೆ ಪಟ್ಟಿ ಬಿಗಿದು, ಮೈಭಾರದ ಒಂದು ಪಾಲನ್ನು ಮೇಲಿನಿಂದ ಎತ್ತಿ ಹಿಡಿದು, ಥೆರಪಿಸ್ಟ್‌ಗಳು ಬಗ್ಗಿ ಕುಳಿತು ಕಾಲನ್ನು ಕೈಯಿಂದ ಮುಂದಿಡಿಸುತ್ತಿದ್ದರು. ಬೆನ್ನು ಮುರಿಯುವ ಕೆಲಸ. ಅದನ್ನು ಯಂತ್ರಕ್ಕೆ ವಹಿಸಲೆಂದೇ ಜ್ಯೂರಿಕ್‌ನಲ್ಲಿ ಲೋಕೋಮ್ಯಾಟ್ ರೋಬೋಟ್ ಹುಟ್ಟಿತು.

ನಿರೀಕ್ಷೆ ದೊಡ್ಡದಿತ್ತು, ಪರೀಕ್ಷೆಗಳ ಉತ್ತರ ಖಾರವಾಗಿತ್ತು. ಬೆನ್ನುಹುರಿಯ ಅಪೂರ್ಣ ಗಾಯವಾದವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ರೆಡ್‌ಮಿಲ್ ಗುಂಪಿಗೂ ನೆಲದ ಮೇಲೆ ನಡೆದ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2009ರ ಒಂದು ಅಧ್ಯಯನದಲ್ಲಿ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ 63 ಜನರಲ್ಲಿ ರೋಬೋಟ್ ತರಬೇತಿ ಪಡೆದವರಿಗಿಂತ ಸಾಂಪ್ರದಾಯಿಕ ತರಬೇತಿ ಪಡೆದವರೇ ಹೆಚ್ಚು ವೇಗವಾಗಿ, ಹೆಚ್ಚು ದೂರ ನಡೆದರು. 2011ರಲ್ಲಿ ಹೊರಬಂದ, ಪಾರ್ಶ್ವವಾಯುವಾದ 408 ಜನರ ಲೀಪ್ಸ್ ಅಧ್ಯಯನದಲ್ಲಿ ಟ್ರೆಡ್‌ಮಿಲ್ ಗುಂಪುಗಳೂ ಮನೆಯಲ್ಲೇ ಥೆರಪಿಸ್ಟ್ ಮಾಡಿಸಿದ ಶಕ್ತಿ-ಸಮತೋಲನ ವ್ಯಾಯಾಮದ ಗುಂಪೂ ವರ್ಷದ ಕೊನೆಗೆ ಸಮಸಮವಾಗಿದ್ದವು. ಒಟ್ಟಾರೆ ಶೇ 52ರಷ್ಟು ಜನರ ನಡಿಗೆಯ ಸಾಮರ್ಥ್ಯ ಒಂದು ಹಂತ ಮೇಲೇರಿತ್ತು.

ಯಂತ್ರ ಏಕೆ ಸೋತಿತು? ಕಾಲನ್ನು ಯಂತ್ರವೇ ಎತ್ತಿ ಇಡುವಾಗ ರೋಗಿ ಪಡಬೇಕಾದ ಶ್ರಮ ಕಡಿಮೆಯಾಗುತ್ತದೆ. ಹೆಜ್ಜೆ ತಪ್ಪಿ, ತಿದ್ದಿಕೊಂಡು ಕಲಿಯುವ ಅವಕಾಶವೂ ಕೈತಪ್ಪುತ್ತದೆ. ಆಮೇಲೆ ಗಮನ ಶ್ರಮದ ಕಡೆಗೆ ತಿರುಗಿದ್ದು ಸಹಜವೇ. ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಅವರ ತಂಡ ಥೆರಪಿ ಕೊಠಡಿಗಳಲ್ಲಿ ಕುಳಿತು ಎಣಿಸಿದಾಗ, ಪಾರ್ಶ್ವವಾಯು ರೋಗಿ ಒಂದು ಅವಧಿಯಲ್ಲಿ ಸರಾಸರಿ 357 ಹೆಜ್ಜೆ ಮಾತ್ರ ಇಡುತ್ತಿದ್ದ. ಕಲಿಕೆಗೆ ಇದು ತೀರ ಕಡಿಮೆ. ಜಾರ್ಜ್ ಹಾರ್ನ್‌ಬಿ ಮತ್ತು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಗಾಯವಾಗಿ ಆರು ತಿಂಗಳು ಕಳೆದು, ಒಂದಿಷ್ಟು ನಡೆಯಬಲ್ಲವರಿಗೆ ಎದೆಬಡಿತ ಏರುವಷ್ಟು ಬಿರುಸಿನ ನಡಿಗೆಯೇ ಕೊಡಬೇಕಾದ ತರಬೇತಿ. ರೋಬೋಟ್ ನಡಿಗೆಯನ್ನು ಅವರಿಗೆ ಸೂಚಿಸಬಾರದು. ಹಾಗೆಂದು ರೋಬೋಟ್ ಪೂರ್ತಿ ನಿರುಪಯುಕ್ತವಲ್ಲ. ಪಾರ್ಶ್ವವಾಯು ಬಡಿದ ಮೊದಲ ತಿಂಗಳುಗಳಲ್ಲಿ, ಇನ್ನೂ ನಡೆಯಲಾಗದವರಿಗೆ ಫಿಸಿಯೋಥೆರಪಿಯ ಜೊತೆ ಅದನ್ನು ಬಳಸಿದರೆ ಸ್ವತಂತ್ರವಾಗಿ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ಶ್ರಮಕ್ಕೂ ಹೊತ್ತುಗೊತ್ತು ಬೇಕು. 2015ರ ಅವರ್ಟ್ ಅಧ್ಯಯನದಲ್ಲಿ ಪಾರ್ಶ್ವವಾಯುವಾದ ಮೊದಲ ದಿನವೇ ರೋಗಿಗಳನ್ನು ಪದೇ ಪದೇ ಎಬ್ಬಿಸಿ ಓಡಾಡಿಸಿದ್ದು ಒಳ್ಳೆಯ ಚೇತರಿಕೆಯ ಅವಕಾಶವನ್ನು ಕುಗ್ಗಿಸಿತು.

ವಿದ್ಯುತ್ ಪ್ರಚೋದನೆಯದು ಪ್ರತ್ಯೇಕ ಕವಲು. 1961ರಲ್ಲಿ ವ್ಲಾಡಿಮಿರ್ ಲಿಬರ್ಸನ್, ಹಿಮ್ಮಡಿ ನೆಲ ಬಿಟ್ಟೊಡನೆ ಜೋತುಬಿದ್ದ ಪಾದವನ್ನು ಎತ್ತುವ ಸಾಧನ ಮಾಡಿದರು. 2018ರಲ್ಲಿ ಅಮೆರಿಕದ ಎರಡು ತಂಡಗಳೂ ಸ್ವಿಟ್ಜರ್ಲೆಂಡಿನ ಒಂದು ತಂಡವೂ ಬೆನ್ನುಹುರಿಯ ಮೇಲೆ ವಿದ್ಯುದ್ವಾರ ಕೂರಿಸಿ, ಕಾಲಿನ ಸ್ವಾಧೀನ ತಪ್ಪಿದವರು ಆಸರೆಯೊಂದಿಗೆ ಹೆಜ್ಜೆಯಿಡುವಂತೆ ಮಾಡಿದವು. ಇವರೆಲ್ಲ ತಿಂಗಳುಗಟ್ಟಲೆ ನಡಿಗೆಯ ತರಬೇತಿಯನ್ನೂ ಪಡೆದವರು ಎಂಬುದನ್ನು ಸುದ್ದಿಯ ಸಂಭ್ರಮದಲ್ಲಿ ಮರೆಯಲಾಗುತ್ತದೆ.

ಮುಪ್ಪಿನ ನಡಿಗೆಯನ್ನು ವೈದ್ಯಶಾಸ್ತ್ರ ಗಂಭೀರವಾಗಿ ಪರಿಗಣಿಸಿದ್ದು ತಡವಾಗಿ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್, ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ವಯಸ್ಸಾಯಿತು, ಇನ್ನೇನು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ. ನ್ಯೂಜಿಲೆಂಡಿನ ಒಟಾಗೊ ಕಾರ್ಯಕ್ರಮ ಮನೆಯಲ್ಲೇ ಮಾಡುವ ವ್ಯಾಯಾಮದಿಂದ ಇಳಿವಯಸ್ಸಿನವರು ಬೀಳುವುದನ್ನು ತಗ್ಗಿಸಿತು. 1997ರಲ್ಲಿ ಸ್ವೀಡನ್ನಿನ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು, ಮಾತಾಡಿಸಿದರೆ ನಡಿಗೆ ನಿಲ್ಲಿಸುವ ವೃದ್ಧರೇ ಮುಂದೆ ಹೆಚ್ಚಾಗಿ ಬೀಳುತ್ತಾರೆಂದು ಗುರುತಿಸಿದರು. ನಡಿಗೆ ಬರೀ ಕಾಲಿನ ಕೆಲಸವಲ್ಲ, ಗಮನದ ಕೆಲಸವೂ ಹೌದೆಂದು ಆಗ ಸ್ಪಷ್ಟವಾಯಿತು. 2014ರ ಲೈಫ್ ಅಧ್ಯಯನದಲ್ಲಿ 70ರಿಂದ 89 ವರ್ಷದ 1,635 ಜನರನ್ನು ಸರಾಸರಿ 2.6 ವರ್ಷ ಗಮನಿಸಲಾಯಿತು. 400 ಮೀಟರ್ ನಡೆಯಲಾಗದ ಸ್ಥಿತಿ ತಲುಪಿದವರು ವ್ಯಾಯಾಮದ ಗುಂಪಿನಲ್ಲಿ ಶೇ 30.1, ಆರೋಗ್ಯ ಪಾಠ ಕೇಳಿದ ಗುಂಪಿನಲ್ಲಿ ಶೇ 35.5.

ಭಾರತದಲ್ಲಿ ಈ ಕ್ಷೇತ್ರಕ್ಕೆ ಬುನಾದಿ ಹಾಕಿದವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಪ್ರಮುಖರು. 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿನಲ್ಲಿ ಪುನರ್ವಸತಿ ಶಾಸ್ತ್ರ ಕಲಿತು ಬಂದರು. ಅವರು ಕಟ್ಟಿದ ಕೇಂದ್ರ 1966ರಲ್ಲಿ ಆರಂಭವಾಯಿತು. ಆದರೆ ಪಾರ್ಶ್ವವಾಯುವಾದ ಬಹುಪಾಲು ಭಾರತೀಯರು ಇಂಥ ಕೇಂದ್ರದ ಮೆಟ್ಟಿಲು ಹತ್ತದೆ ಮನೆ ಸೇರುತ್ತಾರೆ. ಹಾಗಾದರೆ ಮನೆಯವರಿಗೇ ಕಲಿಸಿದರೆ ಹೇಗೆ ಎಂದು ದೇಶದ 14 ಆಸ್ಪತ್ರೆಗಳು 1,250 ರೋಗಿಗಳೊಂದಿಗೆ ಪರೀಕ್ಷಿಸಿದವು. 2017ರಲ್ಲಿ ಪ್ರಕಟವಾದ ಈ ಅಟೆಂಡ್ ಅಧ್ಯಯನದಲ್ಲಿ ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಮನೆಯವರಿಗೆ ಕಲಿಸಿದ ಗುಂಪಿನಲ್ಲೂ ಎಂದಿನ ಆರೈಕೆ ಪಡೆದ ಗುಂಪಿನಲ್ಲೂ ಶೇ 47. ಮನೆಯವರ ಆರೈಕೆ ವ್ಯರ್ಥವೆಂದು ಇದರರ್ಥವಲ್ಲ. ನುರಿತ ಥೆರಪಿಸ್ಟ್ ತಿಂಗಳುಗಟ್ಟಲೆ ಮಾಡಿಸುವ ಕೆಲಸವನ್ನು, ಅಲ್ಪಕಾಲದ ಪಾಠ ಕೇಳಿದ ಮಗಳ ಅಥವಾ ಸೊಸೆಯ ಹೆಗಲಿಗೆ ಹೊರಿಸಿ ಸರ್ಕಾರಗಳು ಕೈತೊಳೆದುಕೊಳ್ಳಲು ಮಾತ್ರ ಇದರಲ್ಲಿ ಆಧಾರವಿಲ್ಲ.