ಸತ್ತ ಮಂಗದ ಸಾಕ್ಷ್ಯ: ಬೆಳ್ತಂಗಡಿ ಸೀಮೆ ಮತ್ತು ಮರಣೋತ್ತರ ಮಾದರಿಗಳ ಚರಿತ್ರೆ

ಮಂಗನ ಕಾಯಿಲೆಯ ಚರಿತ್ರೆಯನ್ನು ರೋಗಿಗಳ ಲೆಕ್ಕದಿಂದ ಆರಂಭಿಸುವುದು ವಾಡಿಕೆ. ಸತ್ತ ಮಂಗಗಳಿಂದ ಆರಂಭಿಸಿದರೆ ಇನ್ನೊಂದು ಮಗ್ಗುಲು ಕಾಣುತ್ತದೆ, ಹೆಣದಿಂದ ಮಾದರಿ ತೆಗೆದವರ ಪಾಡು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸುವಗಳೂ ಮಂಗಗಳೂ ಸಾಯತೊಡಗಿದವು, ಹಳ್ಳಿಗಳಲ್ಲಿ ಜ್ವರ ಎದ್ದಿತು. ಕೋತಿಗಳ ಸಾವೆಂದರೆ ಹಳದಿ ಜ್ವರವೇ ನೆನಪಾಗುತ್ತಿದ್ದ ಕಾಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಆ ಅನುಮಾನವನ್ನೇ ಹಿಡಿದು ಬಂದರು. ಸಿಕ್ಕಿದ್ದು ಹೊಸ ವೈರಾಣು, ರಷ್ಯಾದ ವಸಂತ-ಬೇಸಿಗೆ ಮಿದುಳು ಜ್ವರದ ಬಳಗದ್ದು. ವೈರಾಣುವನ್ನು ಪತ್ತೆ ಮಾಡಲು ಅಂದಿನ ದಾರಿ ಒಂದೇ: ರಕ್ತ, ಅಂಗಾಂಶಗಳನ್ನು ಅರೆದು ಎಳೆಯ ಇಲಿಮರಿಗಳ ಮಿದುಳಿಗೆ ಚುಚ್ಚಿ ಕಾಯುವುದು. ಅದಕ್ಕೆ ಜೀವಂತ ವೈರಾಣು ಬೇಕು. ಕಾಡಿನಿಂದ ಪುಣೆಯ ದಾರಿಯಲ್ಲಿ ಮಾದರಿ ಬಿಸಿಯಾದರೆ ಕಾಯಿಲೆ ಇದ್ದೂ ಪತ್ತೆಯಾಗದು. ಹಾಗಾಗಿ ಈ ಚರಿತ್ರೆಯಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮಂಜುಗಡ್ಡೆಗೆ ಹೆಚ್ಚಿನ ಪಾತ್ರವಿದೆ ಎಂಬುದು ನನ್ನ ಅಭಿಪ್ರಾಯ.

ಕಾಯಿಲೆ ಘಟ್ಟ ಇಳಿದು ಬೆಳ್ತಂಗಡಿಯಲ್ಲಿ ಭುಗಿಲೆದ್ದದ್ದು 1982-83ರಲ್ಲಿ. ಗೇರು ತೋಟಕ್ಕೆಂದು ಪಟ್ರಮೆ ಮೀಸಲು ಅರಣ್ಯದಲ್ಲಿ ಸುಮಾರು 400 ಹೆಕ್ಟೇರ್ ಕಾಡು ಕಡಿದದ್ದರ ಬೆನ್ನಿಗೇ ಮಂಗಗಳ ಹೆಣಗಳು ಸಿಗತೊಡಗಿದವು. ಸುಮಾರು ಒಂದೂವರೆ ಸಾವಿರ ಜನರಿಗೆ ರೋಗ ತಗುಲಿ, ನೂರೈವತ್ತರಷ್ಟು ಮಂದಿ ತೀರಿಕೊಂಡರೆಂದು ವರದಿಗಳಿವೆ. ಕಾಡು ಕಡಿದದ್ದಕ್ಕೆ ದೈವಗಳು ಮುನಿದಿವೆ ಎಂದು ಊರವರು ಆಡಿಕೊಂಡದ್ದನ್ನು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ಲೇಖನದಲ್ಲಿ ದಾಖಲಿಸಿದ್ದಾರೆ. ಕಾಡಿಗೂ ರೋಗಕ್ಕೂ ನಂಟು ಹಾಕಿದ ಮಟ್ಟಿಗೆ ಊರವರ ಮಾತು ತಪ್ಪಲ್ಲ.

ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ರೋಗ ಹರಡುವ ಉಣುಗುಗಳು ಅದರ ಮೇಲಿಂದ ಉದುರಿ ಹೊಸ ಮೈ ಹುಡುಕುತ್ತವೆ. ಹೆಣದ ಸುತ್ತ 50 ಮೀಟರ್ ಮೆಲಥಿಯಾನ್ ಪುಡಿ ಎರಚುವ ಕ್ರಮ ಬಂದದ್ದು ಅದಕ್ಕೇ. ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಹೊಟ್ಟೆ ಸೀಳಿದವರಿಗೆ ರಕ್ತದ ಭಯ, ಪ್ರಯೋಗಾಲಯದಲ್ಲಿ ಅರೆದವರಿಗೆ ಹನಿಗಳ ಭಯ. ಪುಣೆಯ ಪ್ರಯೋಗಾಲಯದ ಸಿಬ್ಬಂದಿಯೇ ಹಲವು ಸಲ ಈ ಜ್ವರಕ್ಕೆ ತುತ್ತಾಗಿದ್ದರು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಹೆಣ ಮುಟ್ಟಿದವರಲ್ಲೂ ಸೋಂಕು ಕಾಣಿಸಿಕೊಂಡಿತು. ರೋಗಿಗಳ ಪಟ್ಟಿಯಲ್ಲಿ ಇವರನ್ನು ಬೇರೆಯಾಗಿ ಎಣಿಸುವ ರೂಢಿ ಬೆಳೆಯಬೇಕಿತ್ತು.

ಅದೇ 2012ರಲ್ಲಿ ಪುಣೆಯ ಆ ಕೇಂದ್ರವೇ, ಈಗಿನ ಹೆಸರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ, ಆರ್‌ಟಿ-ಪಿಸಿಆರ್ ವಿಧಾನ ಪ್ರಕಟಿಸಿತು, ವರ್ಷದ ಕೊನೆಗೆ ಪುಣೆಯಲ್ಲಿ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯವೂ ತೆರೆಯಿತು. ವೈರಾಣುವಿನ ಆರ್‌ಎನ್‌ಎ ಸಿಕ್ಕರೆ ಸಾಕು, ಇಲಿಮರಿ ಬೇಡ. ಶೈತ್ಯದ ಅಗತ್ಯವೇನೂ ತಪ್ಪಲಿಲ್ಲ: ಆರ್‌ಎನ್‌ಎ ಬಿಸಿಗೆ ಬೇಗ ಹಾಳಾಗುತ್ತದೆ. ಅಂಗಾಂಶ ಕೂಡಲೇ ತಣ್ಣಗಾಗಬೇಕು, ದೀರ್ಘಕಾಲ ಇಡುವುದಾದರೆ ಮೈನಸ್ 70 ಡಿಗ್ರಿಯಷ್ಟು ಚಳಿ ಬೇಕು. ಫಾರ್ಮಲಿನ್‌ನಲ್ಲಿ ಅದ್ದಿದ ತುಂಡು ಅಂಗಾಂಶ ನೋಡಲು ಒಳ್ಳೆಯದು, ವೈರಾಣು ಬೆಳೆಸಲು ಮಾತ್ರ ಅಲ್ಲ. ಆದ್ದರಿಂದ ಒಂದೇ ಅಂಗದಿಂದ ಎರಡು ತುಂಡು. ಸಾಗಿಸಲು ಸೋರದ ಡಬ್ಬಿ, ಅದರ ಹೊರಗೆ ಹೀರುವ ಪದರದೊಂದಿಗೆ ಇನ್ನೊಂದು ಡಬ್ಬಿ, ಮೇಲೆ ಗಟ್ಟಿ ಪೆಟ್ಟಿಗೆ.

ಬೆಳ್ತಂಗಡಿಯ ಪಶ್ಚಿಮಕ್ಕೆ ಬಂಟ್ವಾಳ, ಮೂಡುಬಿದಿರೆಗಳ ಕಡೆ ಕಾಡು ಚದುರಿ ಗುಡ್ಡ, ಅಡಕೆ ತೋಟ, ಕುಮ್ಕಿ (ಕೃಷಿ ಜಮೀನಿಗೆ ಹೊಂದಿಕೊಂಡ ಸರ್ಕಾರಿ) ಜಾಗಗಳಾಗುತ್ತದೆ. ಇಲ್ಲಿ ಸತ್ತ ಮಂಗ ಮೊದಲು ಕಾಣುವುದು ಅರಣ್ಯ ಇಲಾಖೆಯವರಿಗಲ್ಲ, ಹುಲ್ಲಿಗೋ ಸೊಪ್ಪಿಗೋ ಹೋದವರಿಗೆ. ಅವರು ಹೆಣ ಮುಟ್ಟದೆ, ಹೂಳದೆ, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತರಬೇತಾದ ಪಶುವೈದ್ಯರು ಮೈ ಮುಚ್ಚುವ ಉಡುಪು, ಎರಡು ಜೊತೆ ಕೈಗವಸು, ಮುಖಕವಚ ತೊಟ್ಟು ಬೇಕಾದಷ್ಟೇ ತೆಗೆದ ಮೇಲೆ, ಉಳಿದದ್ದನ್ನು ಅಲ್ಲೇ ಸುಡಬೇಕು.