ಬೋರ್ಡ್ ಕೆತ್ತುವ ಸಿಎನ್‌ಸಿ ತಂತ್ರಾಂಶ: ಹೊಸ ಸೌಲಭ್ಯಗಳು ಮತ್ತು ಕನ್ನಡ ಅಕ್ಷರದ ಸಮಸ್ಯೆ

ಮನೆಯ ಹೆಸರು, ಶಾಲೆಯ ನಾಮಫಲಕ, ದೇವಸ್ಥಾನದ ದಾನಿಗಳ ಕಲ್ಲು, ಅಂಗಡಿಯ ಬೋರ್ಡು. ಹಿಂದೆ ಇವೆಲ್ಲ ಉಳಿ-ಸುತ್ತಿಗೆಯ ಕೆಲಸವಾಗಿದ್ದವು. ಈಗ ಸಿಎನ್‌ಸಿ ಎಂಬ ಗಣಕಚಾಲಿತ ಯಂತ್ರವೂ ಈ ಕೆಲಸ ಮಾಡುತ್ತದೆ. ಯಂತ್ರವನ್ನು ನಡೆಸುವ ತಂತ್ರಾಂಶಗಳು ಕಳೆದ ಹಲವು ವರ್ಷಗಳಲ್ಲಿ ಬಹಳ ಸುಧಾರಿಸಿವೆ. ಆದರೆ ಗಡಿನಾಡಿನ ಓದುಗರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಯಂತ್ರ ನಡೆಸುವವರಿಗೆ ಮರಾಠಿ, ಮಲಯಾಳಂ, ತಮಿಳು ಅಥವಾ ತೆಲುಗು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ ಎಂದಾದರೆ ಕನ್ನಡದ ಸಾಲು ಸರಿಯಾಗಿ ಬಂದಿದೆಯೇ ಎಂದು ನೋಡುವವರು ಯಾರು? ಕಲ್ಲಿನ ಮೇಲೆ ತಪ್ಪಾದ ಅಕ್ಷರವನ್ನು ಅಳಿಸಿ ಬರೆಯಲು ಆಗುವುದಿಲ್ಲ. ಈ ತಂತ್ರಾಂಶಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬ ಮಾಹಿತಿ ಇಲ್ಲಿದೆ.

ಕೆಲಸ ನಡೆಯುವ ಬಗೆ

ಮೊದಲು ಅಕ್ಷರ ಮತ್ತು ಚಿತ್ರಗಳನ್ನು ಗಣಕದಲ್ಲಿ ರೇಖೆಗಳಾಗಿ ಬಿಡಿಸಬೇಕು. ಆ ರೇಖೆಗಳನ್ನು ನೋಡಿ ಕೊರೆಯುವ ಬಿಟ್ ಎಲ್ಲಿ ಇಳಿಯಬೇಕು, ಎಷ್ಟು ಆಳ ಹೋಗಬೇಕು, ಯಾವ ದಾರಿಯಲ್ಲಿ ಸಾಗಬೇಕು ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಈ ದಾರಿಗೆ ಟೂಲ್‌ಪಾತ್ ಎನ್ನುತ್ತಾರೆ. ಕೊನೆಗೆ ಅದು ಜಿ-ಕೋಡ್ ಎಂಬ ಆಜ್ಞೆಗಳ ಕಡತವಾಗಿ ಯಂತ್ರಕ್ಕೆ ಹೋಗುತ್ತದೆ.

ಈ ಕ್ಷೇತ್ರದಲ್ಲಿ ಪರಿಚಿತ ಹೆಸರು ಇಂಗ್ಲೆಂಡಿನ ವೆಕ್ಟ್ರಿಕ್ ಕಂಪನಿಯದು. ಇದರ ವಿಕಾರ್ವ್ ತಂತ್ರಾಂಶ ಬೋರ್ಡ್ ಕೆತ್ತನೆಗೆ, ಆಸ್ಪೈರ್ ಉಬ್ಬುಚಿತ್ರಗಳಿಗೆ ಬಳಕೆಯಾಗುತ್ತದೆ. ವಿಕಾರ್ವ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಕೆಲಸದ ಅಳತೆ 25 ಅಂಗುಲ ಉದ್ದ, 25 ಅಂಗುಲ ಅಗಲಕ್ಕೆ ಸೀಮಿತ. ಪ್ರೊ ಆವೃತ್ತಿಗೆ ಆ ಮಿತಿ ಇಲ್ಲ. ಒಂದು ಕಾಲದಲ್ಲಿ ಹೆಸರು ಮಾಡಿದ್ದ ಆರ್ಟ್‌ಕ್ಯಾಮ್ ತಂತ್ರಾಂಶವನ್ನು ಆಟೋಡೆಸ್ಕ್ ಕಂಪನಿ 2018ರಲ್ಲಿ ನಿಲ್ಲಿಸಿತು. ಅದರ ಮುಂದುವರಿಕೆಯಾಗಿ ಕಾರ್ವೆಕೊ ಬಂತು. ಖರ್ಚಿಲ್ಲದೆ ಕಲಿಯಬೇಕು ಎನ್ನುವವರಿಗೆ ಎಫ್-ಎನ್‌ಗ್ರೇವ್ ಎಂಬ ಉಚಿತ ತಂತ್ರಾಂಶವಿದೆ. ಅಕ್ಷರ ಬಿಡಿಸಲು ಇಂಕ್‌ಸ್ಕೇಪ್ ಕೂಡ ಉಚಿತ.

ವಿ ಆಕಾರದ ಬಿಟ್‌ನ ಲೆಕ್ಕ

ಬೋರ್ಡ್ ಕೆತ್ತನೆಯ ಮುಖ್ಯ ವಿಧಾನ ವಿ-ಕಾರ್ವಿಂಗ್. ಮೊನೆ ಚೂಪಾಗಿರುವ ವಿ ಆಕಾರದ ಬಿಟ್ ಅಕ್ಷರದ ಗೆರೆ ದಪ್ಪವಿದ್ದಲ್ಲಿ ಆಳಕ್ಕೆ ಇಳಿಯುತ್ತದೆ, ಗೆರೆ ಸಣ್ಣಗಾದಲ್ಲಿ ಮೇಲೇಳುತ್ತದೆ. ಉಳಿಯಲ್ಲಿ ಕೆತ್ತಿದಂತಹ ಚೂಪು ಮೂಲೆ ಬರುವುದು ಇದರಿಂದಲೇ. ಆಳವನ್ನು ನಿರ್ಧರಿಸುವುದು ಗೆರೆಯ ಅಗಲ ಮತ್ತು ಬಿಟ್‌ನ ಕೋನ. 10 ಮಿ.ಮೀ. ಅಗಲದ ಗೆರೆಗೆ 60 ಡಿಗ್ರಿ ಬಿಟ್ ಸುಮಾರು 8.7 ಮಿ.ಮೀ. ಇಳಿಯುತ್ತದೆ. 90 ಡಿಗ್ರಿ ಬಿಟ್ 5 ಮಿ.ಮೀ., 120 ಡಿಗ್ರಿ ಬಿಟ್ ಸುಮಾರು 2.9 ಮಿ.ಮೀ. ಮಾತ್ರ ಇಳಿಯುತ್ತವೆ.

ಈ ಲೆಕ್ಕ ಗೊತ್ತಿಲ್ಲದಿದ್ದರೆ ನಷ್ಟ ಖಂಡಿತ. ದೊಡ್ಡ ಶೀರ್ಷಿಕೆಯ ಗೆರೆ 24 ಮಿ.ಮೀ. ಅಗಲವಿದ್ದು 60 ಡಿಗ್ರಿ ಬಿಟ್ ಹಾಕಿದರೆ ಆಳ 20 ಮಿ.ಮೀ. ದಾಟುತ್ತದೆ. ಹಲಗೆ 18 ಮಿ.ಮೀ. ದಪ್ಪದ್ದಾದರೆ ತೂತು ಬೀಳುತ್ತದೆ. ಹಾಗಾಗಿ ತಂತ್ರಾಂಶದಲ್ಲಿ ಆಳಕ್ಕೆ ಮಿತಿ ಹಾಕುವ ಅವಕಾಶವಿದೆ. ಮಿತಿ ಹಾಕಿದಾಗ ದಪ್ಪ ಗೆರೆಯ ತಳ ಸಪಾಟಾಗಿ ಬರುತ್ತದೆ.

ಸುಧಾರಿಸಿದ ಸೌಲಭ್ಯಗಳು

* ಒಂದೇ ಕೆಲಸಕ್ಕೆ ಹಲವು ಬಿಟ್: ಸಪಾಟು ತಳವನ್ನು ಮೊದಲು ದೊಡ್ಡ ಬಿಟ್‌ನಿಂದ ತೆಗೆದು, ಅದು ತಲುಪದ ಮೂಲೆಗಳನ್ನಷ್ಟೇ ಸಣ್ಣ ಬಿಟ್‌ಗೆ ಬಿಡಬಹುದು. ಇದರಿಂದ ಸಮಯ ಬಹಳ ಉಳಿಯುತ್ತದೆ.
* ಮುನ್ನೋಟ: ಕೆತ್ತಿದ ಮೇಲೆ ಬೋರ್ಡು ಹೇಗೆ ಕಾಣುತ್ತದೆ ಎಂಬುದನ್ನು ಪರದೆಯ ಮೇಲೆ ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದು. ಗ್ರಾಹಕರಿಗೆ ತೋರಿಸಲು ಚಿತ್ರವನ್ನೂ ಕಳಿಸಬಹುದು.
* ಉದ್ದನೆಯ ಬೋರ್ಡು: ಯಂತ್ರಕ್ಕಿಂತ ಉದ್ದದ ಹಲಗೆಯನ್ನು ಭಾಗ ಮಾಡಿಕೊಂಡು, ಮುಂದೆ ಸರಿಸುತ್ತಾ ಕೆತ್ತಬಹುದು.
* ಜೋಡಣೆ: ಒಂದೇ ಹಾಳೆಯಲ್ಲಿ ಹೆಚ್ಚು ಅಕ್ಷರ ಹಿಡಿಯುವಂತೆ ತಂತ್ರಾಂಶವೇ ಅವುಗಳನ್ನು ಹೊಂದಿಸುತ್ತದೆ. ಅಕ್ರಿಲಿಕ್ ಅಕ್ಷರ ಕತ್ತರಿಸುವವರಿಗೆ ಇದು ಅನುಕೂಲ.
* ಲೇಸರ್: ವೆಕ್ಟ್ರಿಕ್ 2020ರಲ್ಲಿ ಲೇಸರ್‌ಗಾಗಿ ಪ್ರತ್ಯೇಕ ಜೋಡಣಾ ಭಾಗವನ್ನು ತಂದಿತು. ಯಂತ್ರಕ್ಕೆ ಲೇಸರ್ ತಲೆ ಜೋಡಿಸಿದರೆ ಅದೇ ವಿನ್ಯಾಸದಿಂದ ಸಣ್ಣ ಅಕ್ಷರಗಳನ್ನು ಸುಟ್ಟು ಬರೆಯಬಹುದು.

ಇಷ್ಟೆಲ್ಲ ಇದ್ದರೂ ಕೊಟ್ಟ ರೇಖೆ ಸರಿಯಾದ ಅಕ್ಷರವೇ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಕನ್ನಡದ ತೊಂದರೆ ಶುರುವಾಗುವುದು ಇಲ್ಲಿಯೇ.

ಒತ್ತಕ್ಷರ ಏಕೆ ಮುರಿಯುತ್ತದೆ?

ಯುನಿಕೋಡ್‌ನಲ್ಲಿ ‘ಶ್ರೀ’ ಎಂಬುದು ಶ, ವಿರಾಮ ಚಿಹ್ನೆ, ರ, ದೀರ್ಘ ಈಕಾರ ಎಂಬ ನಾಲ್ಕು ಸಂಕೇತಗಳ ಸರಣಿ. ಅವನ್ನು ಕೂಡಿಸಿ ಒಂದು ಅಕ್ಷರವಾಗಿ ತೋರಿಸುವ ಕೆಲಸ ತಂತ್ರಾಂಶದ್ದು. ಸಂಕೇತಗಳನ್ನು ಬಿಡಿಬಿಡಿಯಾಗಿ ಓದುವ ತಂತ್ರಾಂಶದಲ್ಲಿ ಅದು ‘ಶ್‌ರೀ’ ಎಂದಾಗುತ್ತದೆ, ‘ಗ್ರಾಮ’ ಎಂಬುದು ‘ಗ್‌ರಾಮ’ ಆಗುತ್ತದೆ. ಎಫ್-ಎನ್‌ಗ್ರೇವ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವುದರಿಂದ ಕನ್ನಡವನ್ನು ನೇರವಾಗಿ ಅದರಲ್ಲಿ ಬೆರಳಚ್ಚು ಮಾಡುವಂತಿಲ್ಲ. ಬೇರೆ ತಂತ್ರಾಂಶವಾದರೆ ‘ಶ್ರೀ’, ‘ಲಕ್ಷ್ಮೀ’, ‘ಕಾರ್ಯಾಲಯ’, ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂಬ ಐದು ಪದಗಳನ್ನು ಮೊದಲು ಬರೆದು ನೋಡಿ. ಐದೂ ಸರಿ ಬಂದರೆ ಮುಂದುವರಿಯಬಹುದು.

ನುಡಿ, ಬರಹದ ಹಳೆಯ ಅಕ್ಷರಶೈಲಿಗಳ ಕಥೆ ಬೇರೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಟ್ಟಿವೆ. ಆದ್ದರಿಂದ ಹಳೆಯ ತಂತ್ರಾಂಶದಲ್ಲೂ ಸರಿಯಾಗಿ ಮೂಡುತ್ತವೆ. ಆದರೆ ನೀವು ಮೊಬೈಲಿನಿಂದ ಕಳಿಸುವ ಸಾಲು ಯುನಿಕೋಡ್‌ನಲ್ಲಿರುತ್ತದೆ. ಅದನ್ನು ಹಳೆಯ ಶೈಲಿಯಲ್ಲಿ ಅಂಟಿಸಿದರೆ ಖಾಲಿ ಚೌಕಗಳೋ ಬೇರೆ ಗುರುತುಗಳೋ ಬರುತ್ತವೆ. ಪರಿವರ್ತಕದಿಂದ ಬದಲಿಸಿದರೆ ಆಮೇಲೆ ಅಕ್ಷರ ಅಕ್ಷರವಾಗಿ ಓದಿ ನೋಡಲೇಬೇಕು.

ಪರಿಹಾರ: ಮೊದಲು ರೇಖೆ, ಆಮೇಲೆ ಕೆತ್ತನೆ

ಕನ್ನಡವನ್ನು ಸರಿಯಾಗಿ ತೋರಿಸುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ರೇಖೆಯಾಗಿ ಬದಲಿಸಿ ಕೊಡುವುದೇ ಭದ್ರವಾದ ದಾರಿ. ಇಂಕ್‌ಸ್ಕೇಪ್‌ನಲ್ಲಿ ಪಾತ್ ಪಟ್ಟಿಯ ‘ಆಬ್ಜೆಕ್ಟ್ ಟು ಪಾತ್’, ಕೋರೆಲ್‌ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’ ಈ ಕೆಲಸ ಮಾಡುತ್ತವೆ. ಆಮೇಲೆ ಅಂಗಡಿಯ ಗಣಕದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲದಿದ್ದರೂ ಚಿಂತೆಯಿಲ್ಲ.

ಎರಡನೆಯ ಹೆಜ್ಜೆಯನ್ನು ಮರೆಯಬಾರದು. ಒತ್ತು ಮತ್ತು ಗುಣಿತದ ತುಂಡುಗಳು ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕುಳಿತಿರುತ್ತವೆ. ಹಾಗೆಯೇ ಬಿಟ್ಟರೆ ಒಳಗಿನ ರೇಖೆಗಳೂ ಕೆತ್ತನೆಗೆ ಬಂದು ಅಕ್ಷರದ ನಡುವೆ ಗಾಯವಾಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ‘ಅನ್‌ಗ್ರೂಪ್’ ಮಾಡಿ ‘ಯೂನಿಯನ್’, ಕೋರೆಲ್‌ಡ್ರಾದಲ್ಲಿ ‘ವೆಲ್ಡ್’ ಒತ್ತಿ ಅವನ್ನು ಒಂದುಗೂಡಿಸಬೇಕು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆ ಮರಾಠಿ ಸಾಲೂ ಇದ್ದರೆ ಅದರ ತಲೆಗೆರೆಗೂ ಇದೇ ಕ್ರಮ ಬೇಕು.

ಅಳತೆಯಲ್ಲೂ ಎಚ್ಚರ ಬೇಕು. 2017ರಲ್ಲಿ ಬಂದ 0.92 ಆವೃತ್ತಿಯಿಂದ ಇಂಕ್‌ಸ್ಕೇಪ್ ಒಂದು ಅಂಗುಲಕ್ಕೆ 90ರ ಬದಲು 96 ಬಿಂದುಗಳ ಲೆಕ್ಕ ಹಿಡಿಯುತ್ತದೆ. ಒಂದು ತಂತ್ರಾಂಶ ಹಳೆಯ ಲೆಕ್ಕದಲ್ಲಿ, ಇನ್ನೊಂದು ಹೊಸ ಲೆಕ್ಕದಲ್ಲಿದ್ದರೆ 100 ಮಿ.ಮೀ. ಅಕ್ಷರ ಸುಮಾರು 94 ಅಥವಾ 107 ಮಿ.ಮೀ. ಆಗಬಹುದು. ಕಡತದಲ್ಲಿ 100 ಮಿ.ಮೀ. ಚೌಕವೊಂದನ್ನು ಇಟ್ಟು ಕಳಿಸಿದರೆ ಅಂಗಡಿಯಲ್ಲಿ ತಕ್ಷಣ ತಿಳಿಯುತ್ತದೆ.

‘ಧನ’ ಹೋಗಿ ‘ದನ’ ಆಗದಿರಲಿ

ದ-ಧ, ಡ-ಢ, ಪ-ಫ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು. ಸಪಾಟು ಮೊನೆಯ ಬಿಟ್‌ನಿಂದ ಕೆತ್ತುವಾಗ ಬಿಟ್‌ಗಿಂತ ಕಿರಿದಾದ ಜಾಗವನ್ನು ತಂತ್ರಾಂಶ ಕೆತ್ತದೆ ಬಿಟ್ಟುಬಿಡುತ್ತದೆ. 1.5 ಮಿ.ಮೀ. ಅಗಲದ ಸೀಳಿಗೆ 3 ಮಿ.ಮೀ. ಬಿಟ್ ಹಾಕಿದರೆ ಸೀಳು ಮೂಡುವುದೇ ಇಲ್ಲ. ‘ಧನಲಕ್ಷ್ಮಿ’ ಅಂಗಡಿ ‘ದನಲಕ್ಷ್ಮಿ’ ಆಗುತ್ತದೆ. ‘ಥ’ದ ಒಳಗಿನ ಚುಕ್ಕೆಗೂ ಇದೇ ಅಪಾಯ. ಬೋರ್ಡು ಚಿಕ್ಕದಾದರೆ ವಿ-ಬಿಟ್ ಬಳಸುವುದು ಅಥವಾ ಅಕ್ಷರ ದೊಡ್ಡದು ಮಾಡುವುದು ಒಳ್ಳೆಯದು.

ಪೆನ್ನಿನಂತೆ ಒಂದೇ ಗೆರೆಯಲ್ಲಿ ಬರೆಯುವ ಅಕ್ಷರಶೈಲಿಗಳೂ ತಂತ್ರಾಂಶಗಳಲ್ಲಿ ಇರುತ್ತವೆ. ಇವುಗಳಲ್ಲಿ ಪ್ರಸಿದ್ಧವಾದ ಹರ್ಷಿ ಅಕ್ಷರಗಳು 1967ರ ಅಮೆರಿಕದ ಕೆಲಸ. ಅದರಲ್ಲಿ ರೋಮನ್, ಗ್ರೀಕ್, ರಷ್ಯನ್, ಜಪಾನಿ ಇವೆ, ಕನ್ನಡ ಇಲ್ಲ. ಆದ್ದರಿಂದ ಸಣ್ಣ ಹಿತ್ತಾಳೆ ಫಲಕದಲ್ಲಿ ಇಂಗ್ಲಿಷ್ ಹೆಸರು ತೆಳುವಾಗಿಯೂ ಕನ್ನಡ ಹೆಸರು ಜೋಡಿ ಗೆರೆಯಲ್ಲಿಯೂ ಬರುವುದುಂಟು.

ಎರಡು ಭಾಷೆಯ ಬೋರ್ಡಿಗೆ ಜಾಗ

ಕನ್ನಡ ಮತ್ತು ತೆಲುಗಿನಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ತಮಿಳಿನಲ್ಲಿ ಹಾಗೆ ಇಳಿಯುವ ಒತ್ತುಗಳಿಲ್ಲ. ತಮಿಳು ಸಾಲಿಗೆ ಇಟ್ಟಷ್ಟೇ ಅಂತರವನ್ನು ಕನ್ನಡಕ್ಕೂ ಇಟ್ಟರೆ ‘ರಾಷ್ಟ್ರೀಯ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಜಾಗ ಸಾಲದೆಂದು ಕನ್ನಡವನ್ನು ಕುಗ್ಗಿಸಿದರೆ ಸೀಳು, ಚುಕ್ಕೆ ಮಾಯವಾಗುತ್ತವೆ. ಹೊಸೂರು, ತಾಳವಾಡಿಯ ಓದುಗರು ಬೋರ್ಡಿನ ಅಳತೆ ಹೇಳುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯುವುದು ಉತ್ತಮ.

ಕೆತ್ತಲು ಕೊಡುವ ಮುನ್ನ

1. ಸಾಲನ್ನು ಬಾಯಲ್ಲಿ ಹೇಳಬೇಡಿ, ಕೈಬರಹದಲ್ಲಿ ಅಥವಾ ಮುದ್ರಿಸಿ ಕೊಡಿ.
2. ರೇಖೆಯಾಗಿ ಬದಲಿಸಿ, ಒಂದುಗೂಡಿಸಿದ ಕಡತ ಕೊಡಿ.
3. ಟೂಲ್‌ಪಾತ್ ಲೆಕ್ಕ ಹಾಕಿದ ಮೇಲಿನ ಮುನ್ನೋಟದ ಚಿತ್ರ ಕೇಳಿ. ಬರೀ ವಿನ್ಯಾಸದ ಚಿತ್ರದಲ್ಲಿ ಬಿಟ್ಟುಹೋದ ಸೀಳು ಕಾಣುವುದಿಲ್ಲ.
4. ಕನ್ನಡ ಬಲ್ಲ ಇಬ್ಬರು ಅದನ್ನು ಓದಲಿ. ಊರಿನ ಕನ್ನಡ ಶಾಲೆಯ ಮೇಷ್ಟ್ರು ಒಬ್ಬರಾದರೆ ಇನ್ನೂ ಒಳ್ಳೆಯದು.
5. ಕಲ್ಲಿಗೆ ಹೋಗುವ ಮೊದಲು ಹಳೆಯ ಹಲಗೆಯ ತುಂಡಿನ ಮೇಲೆ ಒತ್ತಕ್ಷರವಿರುವ ಒಂದು ಪದವನ್ನು ಕೆತ್ತಿಸಿ ನೋಡಿ.

ಆಳ, ಅಗಲ, ಸಮಯ ಎಲ್ಲವನ್ನೂ ತಂತ್ರಾಂಶ ನೋಡಿಕೊಳ್ಳುತ್ತದೆ. ಕಾಗುಣಿತ ನೋಡಬೇಕಾದವರು ಮಾತ್ರ ಬೋರ್ಡು ಮಾಡಿಸುವ ನಾವೇ.