ಶರಣಸಾಹಿತ್ಯದಲ್ಲಿ ತಾಯ್ತಂದೆವಾಚಕ ಪದಗಳು

ತಾಯ್ತಂದೆಗಳನ್ನು ಕುರಿತು ಕನ್ನಡದಲ್ಲಿ ನಡೆದುಬಂದಿರುವ ಪದಗಳನ್ನು ಪರಿಶೀಲಿಸಿದರೆ ಅವು ಎರಡು ಬಗೆಯವಾಗಿ ತೋರುತ್ತವೆ. ಜನಕ, ಜನನಿ, ಹೆತ್ತವರು, ಹಡೆದವ್ವ ಎಂಬವು ಜನ್ಮಸಂಬಂಧವನ್ನು ಹೇಳುವಂಥವು. ಸಾಕು, ಸಲಹು, ಪೊರೆ, ಕಾಯು, ಹಳಗನ್ನಡದ ಓವು ಎಂಬ ಕ್ರಿಯಾಪದಗಳಾದರೋ ಜನ್ಮವಾದ ಮೇಲಿನ ಹೊಣೆಯನ್ನು ಹೇಳುತ್ತವೆ. ಇವೆರಡರಲ್ಲಿ ಯಾವುದು ತಾಯ್ತಂದೆತನದ ತಿರುಳು ಎಂಬ ಪ್ರಶ್ನೆ ಹಳೆಯದು. ಪಿತೃಶಬ್ದವನ್ನು ನಿರುಕ್ತಕಾರ ಯಾಸ್ಕನು ರಕ್ಷಣೆಯ ಅರ್ಥದಿಂದಲೇ ಬಿಡಿಸಿದ್ದಾನೆ. ಕಾಳಿದಾಸನು ರಘುವಂಶದ ಮೊದಲ ಸರ್ಗದಲ್ಲಿ, ಪ್ರಜೆಗಳಿಗೆ ಶಿಕ್ಷಣವಿತ್ತು ಕಾಪಾಡಿ ಪೋಷಿಸಿದ ದಿಲೀಪನೇ ಅವರ ತಂದೆ, ಹೆತ್ತವರು ಬರಿಯ ಜನ್ಮಕಾರಣರು ಎಂದಿದ್ದಾನೆ. ಆದರೆ ಅದು ರಾಜಸ್ತುತಿ. ಇದೇ ವಿಚಾರವು ಶರಣರಲ್ಲಿ ಅರಮನೆಯನ್ನು ಬಿಟ್ಟು ಕೇರಿಗೆ ಇಳಿಯಿತು.

ಶರಣರಿಗಿಂತ ಮುಂಚೆಯೇ ಈ ಪದಗಳು ಕನ್ನಡನಾಡಿನಲ್ಲಿ ಗೌರವಸೂಚಕಗಳಾಗಿದ್ದವು. 1007ರ ಲಕ್ಕುಂಡಿಯ ಶಾಸನದ ಅತ್ತಿಮಬ್ಬೆಯ ಹೆಸರಿನಲ್ಲಿ ತಾಯಿ ಎಂಬರ್ಥದ ‘ಅಬ್ಬೆ’ ಇದೆ. ಹೊಯ್ಸಳ ದಂಡನಾಯಕ ಗಂಗರಾಜನ ನೆನಪಿಗಾಗಿ 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಮಗನ ಹೆಸರು ಬೊಪ್ಪ. ‘ಬೊಪ್ಪ’ನೆಂದರೆ ತಂದೆಯೇ. ಅಬ್ಬೆಯು ಅವ್ವೆಯಾಗಿ ಕಾಳವ್ವೆ, ರೆಮ್ಮವ್ವೆ ಮೊದಲಾದ ಶರಣೆಯರ ಹೆಸರುಗಳಲ್ಲಿ ಮುಂದುವರಿಯಿತು.

ಇಂಥ ಗೌರವಪದವೊಂದು ದುಡಿಮೆಯಿಂದ ಸಂಪಾದಿಸಿದ ಪದವಿಯಾದುದಕ್ಕೆ ಬೆಜ್ಜಮಹಾದೇವಿಯ ಕಥೆ ಉತ್ತಮ ನಿದರ್ಶನ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿರುವ ಈ ಕಥೆಯು, ಆ ಕೃತಿಯನ್ನು ಭೀಮಕವಿಯು 1369ರಲ್ಲಿ ಕನ್ನಡಿಸಿದಾಗ ನಮ್ಮವರಿಗೂ ದೊರೆಯಿತು. ಶಿವನಿಗೆ ತಾಯಿಲ್ಲವಲ್ಲ ಎಂಬುದು ಈ ಭಕ್ತೆಯ ಕೊರಗು. ತಾಯಿದ್ದಿದ್ದರೆ ಮಗನು ವಿಷವನ್ನು ಕುಡಿಯುವುದನ್ನು ನೋಡುತ್ತ ಕೂರುತ್ತಿದ್ದಳೆ? ಹಾವನ್ನು ತೊಡಲು, ತಲೆಯನ್ನು ಜಡೆಗಟ್ಟಿಸಿಕೊಳ್ಳಲು, ಸುಡುಗಾಡಿನಲ್ಲಿ ಅಲೆಯಲು ಬಿಡುತ್ತಿದ್ದಳೆ? ಶಾಸ್ತ್ರಜ್ಞರಿಗೆ ಶಿವನ ಹಿರಿಮೆಯಾಗಿದ್ದ ‘ಅಜಾತ’ ಎಂಬ ವಿಶೇಷಣವು ಆಕೆಯ ಕಿವಿಗೆ ‘ತಬ್ಬಲಿ’ ಎಂದು ಕೇಳಿಸಿತು! ಕೊರಗಿ ಸುಮ್ಮನಾಗದೆ ಆಕೆ ತಾನೇ ತಾಯಿಯಾಗಿ ನಿಂತು, ಲಿಂಗವನ್ನು ಕೂಸೆಂದು ಬಗೆದು ಎಣ್ಣೆಯೊತ್ತಿ ನೀರೆರೆದಳು, ಕಾಡಿಗೆ ಹಚ್ಚಿದಳು, ಹಾಲೂಡಿದಳು, ಮಡಿಲಲ್ಲಿ ಮಲಗಿಸಿಕೊಂಡಳು. ಒಂದು ದಿನ ಕೂಸು ಹಾಲು ಕುಡಿಯಲಿಲ್ಲ. ಗಂಟಲ ಬೇನೆಯೆಂದು ತಿಳಿದು ಆಕೆ ಕಂಗೆಟ್ಟಳು. ಶಿವನು ಪ್ರತ್ಯಕ್ಷನಾಗದೆ ಗತ್ಯಂತರವಿರಲಿಲ್ಲ. ಆಕೆಗೆ ಅಮ್ಮವ್ವೆಯೆಂಬ ಹೆಸರು ನಿಂತಿತು. ಇಲ್ಲಿ ಹೆರಿಗೆಯ ಪ್ರಸಕ್ತಿಯೇ ಇಲ್ಲ. ನೀರೆರೆ, ಊಡು, ಮಲಗಿಸು ಎಂಬ ದಿನದಿನದ ಕೆಲಸಗಳೇ ‘ತಾಯಿ’ ಎಂಬ ನಾಮಪದವನ್ನು ಹೆತ್ತಿವೆ. ಲೋಕವು ಎರಡನೆಯ ಸ್ಥಾನದಲ್ಲಿಡುವ ಸಾಕುತಾಯಿಯನ್ನು ಪುರಾಣಕಾರರು ಮೊದಲಿಗಳನ್ನಾಗಿಸಿದ್ದಾರೆ.

ಹರಿಹರನು ರಗಳೆಯಲ್ಲಿ ಹಾಡಿದ ಕಾರಿಕಾಲಮ್ಮೆಯ ಕಥೆಯನ್ನೂ ಇದರೊಡನೆ ಓದಬೇಕು. ಹನ್ನೆರಡನೆಯ ಶತಮಾನದ ತಮಿಳು ಪೆರಿಯಪುರಾಣದಲ್ಲಿ, ಕೈಲಾಸವನ್ನು ತಲೆಯಿಂದಲೇ ನಡೆದು ಏರುತ್ತಿರುವ ಈ ವೃದ್ಧೆಯನ್ನು ಕಂಡು ಪಾರ್ವತಿ ವಿಸ್ಮಯಪಡುತ್ತಾಳೆ. ಈಕೆ ನಮ್ಮನ್ನು ಪೋಷಿಸುವ ತಾಯಿ ಎಂದು ಶಿವನು ಪರಿಚಯಿಸುತ್ತಾನೆ. ಅವನು ‘ಅಮ್ಮೆ’ ಎಂದು ಕರೆದರೆ ಈಕೆ ‘ಅಪ್ಪ’ ಎಂದು ಓಗೊಡುತ್ತಾಳೆ. ಯಾರು ಯಾರ ಮಗುವೆಂಬುದನ್ನು ಸೇಕ್ಕಿಳಾರನು ಬಗೆಹರಿಸಹೋಗಿಲ್ಲ. ಹಾಗೆ ಮಾಡದಿದ್ದುದೇ ಲೇಸಾಯಿತು.

ಬಸವಣ್ಣನವರ ವಚನಗಳಿಗೆ ಬಂದರೆ ಇದು ಭಕ್ತಿಭಾವದ ಮಾತಾಗಿಯಷ್ಟೇ ಉಳಿಯುವುದಿಲ್ಲ. ಮಾದಾರ ಚೆನ್ನಯ್ಯನನ್ನು ಅವರು ಅಪ್ಪನೆಂದರು, ಡೋಹರ ಕಕ್ಕಯ್ಯನನ್ನು ಬೊಪ್ಪನೆಂದರು, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದರು. ಇದನ್ನು ವಿನಯೋಕ್ತಿಯೆಂದು ಬಗೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಅದು ಸಮಂಜಸವಾಗಿ ತೋರುವುದಿಲ್ಲ. ಇನ್ನೊಂದು ವಚನದಲ್ಲಿ ಅವರು ತಮ್ಮನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನೆಂದು ಹೇಳಿಕೊಂಡಿದ್ದಾರೆ. ವಿನಯಕ್ಕೆ ಇಷ್ಟು ವಿವರ ಬೇಕಾಗಿರಲಿಲ್ಲ. ಕುಲವು ಜನ್ಮವನ್ನೇ ಆಧರಿಸಿ ನಿಂತಿರುವಾಗ, ಅದನ್ನು ನಿರಾಕರಿಸುವವನು ತನ್ನ ಜನ್ಮಕಥೆಯನ್ನೇ ಬದಲಿಸಿ ಹೇಳಬೇಕಾಗುತ್ತದೆ. ತಾಯ ಮೊಲೆವಾಲೇ ನಂಜಾದರೆ ಯಾರಲ್ಲಿ ದೂರುವುದೆಂಬ ಭಾವದ ವಚನವನ್ನು ರಚಿಸಿದವರೂ ಅವರೇ. ಪೊರೆಯಬೇಕಾದವರೇ ಕೊಲ್ಲಬಹುದೆಂಬ ಅರಿವು ಅವರಿಗಿತ್ತು.

ಆ ಅರಿವನ್ನು ಕಲ್ಯಾಣದ ಕೊನೆಯ ದಿನಗಳು ನಿಜಗೊಳಿಸಿದವು. ಸಮಗಾರ ಕುಲದ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತೆಂದು ಪರಂಪರೆ ಹೇಳುತ್ತದೆ. ವಚನದಲ್ಲಿ ಅಪ್ಪ, ಅಣ್ಣ ಎಂದು ಕರೆದುಕೊಳ್ಳುತ್ತಿದ್ದವರು ಮನೆಯಲ್ಲಿಯೂ ಬೀಗರಾದರು. ಪ್ರಜೆಗಳ ತಂದೆಯೆನಿಸಬೇಕಾಗಿದ್ದ ಬಿಜ್ಜಳನು, ಸುಮಾರು 1167ರಲ್ಲಿ, ಮಕ್ಕಳಿಗೆ ಮದುವೆ ಮಾಡಿದ ಆ ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದನು.